ಬಚ್ಚಲಲ್ಲಿ ಬೆಂಕಿ ನಿಲ್ಲುತ್ತಿಲ್ಲ

ಟಿಕ್ ಟಿಕ್ ಟಿಕ್ ಟಿಕ್. ಭಗ್!

ಗೋಡೆಗೆ ತೂಗಿದ ಬಿಳಿ ಡಬ್ಬಿಯ ಸಣ್ಣ ಕಿಂಡಿಯೊಳಗೆ ನೀಲಿ ಬೆಂಕಿ ಸಾಲಾಗಿ ಹತ್ತಿಕೊಳ್ಳುತ್ತದೆ. ನೀವು ಲುಂಗಿ ಎತ್ತಿ ಕಟ್ಟಿ, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತಿದ್ದೀರಿ. ಬಕೆಟ್ಟಿಗೆ ಬೀಳುವ ನೀರಿಗೆ ಕೈ ಒಡ್ಡುತ್ತೀರಿ. ಬೆರಳು ಸೆಟೆಯುವಷ್ಟು ತಣ್ಣಗಿದ್ದದ್ದು ಉಗುರುಬೆಚ್ಚಗಾಗುತ್ತದೆ. ಇನ್ನೊಂದು ಚೂರು ಕಾಯಲಿ, ಇನ್ನೊಂದೇ ಚೂರು.

ಠಕ್.

ಕಿಂಡಿ ಕಪ್ಪಾಗುತ್ತದೆ. ನೀರು ಮಾತ್ರ ಸುರಿಯುತ್ತಲೇ ಇದೆ, ಬೆರಳ ಮೇಲೆ ಮತ್ತೆ ತಣ್ಣಗಾಗುತ್ತಾ.

"ಮತ್ತೆ ಹೋತಾ?" ಬೆನ್ನ ಹಿಂದೆ ಅವ್ವನ ದನಿ.

ಮತ್ತೆ ಹೋಯಿತು.

ಪುಷ್ಯಮಾಸದ ಬೆಳಗು, ನ್ಯಾಮತಿ. ಹೊರಗೆ ಬೆಳಕು ಹರಿದಿಲ್ಲ. ತೋಟದ ಕಡೆಯಿಂದ ಬಂದ ಮಂಜು ಹಿತ್ತಿಲ ಲೈಟಿನ ಸುತ್ತ ತೇಲುತ್ತಿದೆ. ಶಿವಮೊಗ್ಗದ ಬಸ್ಸಿನ ಹಾರ್ನ್ ಎಲ್ಲೋ ಕೇಳಿ ಅಡಗುತ್ತದೆ. ದಾವಣಗೆರೆ ಜಿಲ್ಲೆ ಎಂದರೆ ಬರೀ ಬಿಸಿಲು ಎಂದುಕೊಂಡವರು ಈ ಅಂಚಿಗೆ ಬಂದು ಈ ಹೊತ್ತಿಗೆ ಹಾಸಿಗೆ ಬಿಟ್ಟು ಏಳಬೇಕು. 1997ರಲ್ಲಿ ಹೊಸ ಜಿಲ್ಲೆ ಮಾಡುವಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿನೊಳಗೇ ಇತ್ತು. ಕಾಗದದಲ್ಲಿ ಗಡಿ ಬದಲಾಯಿತು. ಚಳಿ ಮಾತ್ರ ಮಲೆನಾಡಿನದ್ದೇ ಉಳಿಯಿತು.

ಬೇರೆ ದಿನವಾಗಿದ್ದರೆ ನೀವು ತಣ್ಣೀರಿನಲ್ಲೇ ಮುಖ ತೊಳೆದು ಹೊರಡುತ್ತಿದ್ದಿರಿ. ಇವತ್ತು ಆಗದು. ಮನೆಯಲ್ಲಿ ಬಾಣಂತಿ ಇದ್ದಾಳೆ. ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಕೂಸಿಗೆ ಇನ್ನೂ ತಿಂಗಳು ತುಂಬಿಲ್ಲ. ನಡುಮನೆಯ ಪಕ್ಕದ ಕೋಣೆಯಿಂದ ವಾಸನೆ ತೇಲಿ ಬರುತ್ತಿದೆ: ಬೆಳ್ಳುಳ್ಳಿ ಸಿಪ್ಪೆ, ಓಮ, ಸಾಂಬ್ರಾಣಿ, ಅವುಗಳಡಿ ಅಗ್ಗಿಷ್ಟಿಕೆಯ ಕೆಂಡ. ನೀರು ಹಾಕುವ ಅಜ್ಜಿ ಆಗಲೇ ಬಂದಾಗಿದೆ. ಸೀರೆ ಎತ್ತಿ ಸಿಕ್ಕಿಸಿಕೊಂಡು, ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟು, ಬಚ್ಚಲ ಹೊಸ್ತಿಲ ಹೊರಗೆ ಮಣೆಯ ಮೇಲೆ ಕೂತು ನಿಮ್ಮನ್ನೇ ನೋಡುತ್ತಿದ್ದಾಳೆ. ಅವಳ ಲೆಕ್ಕದಲ್ಲಿ ಬಾಣಂತಿಯ ನೀರೆಂದರೆ ಒಂದೆರಡು ಬಕೆಟ್ಟಲ್ಲ. ಸೊಂಟಕ್ಕೆ, ಬೆನ್ನಿಗೆ, ನೆತ್ತಿಗೆ, ತಾಳಲಾರದಷ್ಟು ಬಿಸಿಯಾಗಿ, ಸಾಕು ಅಜ್ಜಿ ಸಾಕು ಎಂದು ಕೂಗುವವರೆಗೆ.

"ನಮ್ಮ ಕಾಲದಾಗೆ ಹಂಡೆ ಇತ್ತು ಯಜಮಾನ್ರೇ," ಅನ್ನುತ್ತಾಳೆ. ಬೈಗುಳವೋ ಸಮಾಧಾನವೋ ಹೇಳುವುದು ಕಷ್ಟ.

ಆ ಹಂಡೆ ಈಗ ಅಟ್ಟದ ಮೇಲಿದೆ. ಬಚ್ಚಲು ಒಡೆದು ಟೈಲ್ಸ್ ಹಾಕಿಸಿದ ವರ್ಷವೇ ಒಲೆಯೂ ಹೋಯಿತು, ಒಲೆಯ ಮೇಲಿದ್ದ ಹೊಗೆಗೂಡೂ ಹೋಯಿತು. ಉಳಿದದ್ದು ಮೇಲ್ಗಡೆ ಒಂದು ಗಾಳಿಕಿಂಡಿ. ಬಾಣಂತಿಗೆ ಗಾಳಿ ಸೋಕಬಾರದು ಎಂದು ಅವ್ವ ಅದಕ್ಕೆ ಹಳೇ ಕಂಬಳಿಯ ತುಂಡು ಗಿಡಿದಿದ್ದಾಳೆ. ಅಚ್ಚುಕಟ್ಟಾಗಿ ಗಿಡಿದಿದ್ದಾಳೆ. ನೀವು ಅದನ್ನು ನೋಡಿದ್ದೀರಿ. ನೋಡಿ, ಒಳ್ಳೆಯ ಕೆಲಸವಾಯಿತು ಎಂದುಕೊಂಡಿದ್ದೀರಿ.

ಈಗ ನಿಮ್ಮ ತಲೆಯಲ್ಲಿರುವುದು ಸೆಲ್. ಕರೆಂಟಿಲ್ಲದ ಈ ಗೀಸರಿಗೆ ಕಿಡಿ ಕೊಡುವುದು ಡಬ್ಬಿಯ ತಳದಲ್ಲಿ ಕೂತ ಎರಡು ದಪ್ಪ ಸೆಲ್‌ಗಳು, ಒಂದೊಂದೂ ಒಂದೂವರೆ ವೋಲ್ಟಿನದು. ಸೆಲ್ ಸೋತರೆ ಕಿಡಿ ಸೋಲುತ್ತದೆ, ಗ್ಯಾಸ್ ಬಿಡುವ ವಾಲ್ವನ್ನು ಹಿಡಿದಿಡುವ ಶಕ್ತಿಯೂ ಸೋಲುತ್ತದೆ. ಇಷ್ಟು ಹೊತ್ತಿಗೆ ಅಂಗಡಿ ತೆಗೆದಿರುವುದಿಲ್ಲ. ತೋಟಕ್ಕೆ ಒಯ್ಯುವ ಟಾರ್ಚಿನ ಹಿಂಬದಿ ತಿರುಗಿಸಿ ಸೆಲ್ ಉದುರಿಸಿಕೊಳ್ಳುತ್ತೀರಿ. ಚಳಿಗೆ ಮರಗಟ್ಟಿದ ಬೆರಳಲ್ಲಿ ಸ್ಪ್ರಿಂಗ್ ಒತ್ತಿ ಒಂದನ್ನು ಕೂರಿಸಿದರೆ ಇನ್ನೊಂದು ಜಾರುತ್ತದೆ. ಕೂರಿಸಿದಿರಿ. ನಲ್ಲಿ ತಿರುಗಿಸಿದಿರಿ. ಟಿಕ್ ಟಿಕ್, ಭಗ್. ಉಸಿರು ಬಿಗಿಹಿಡಿದು ಕಾಯುತ್ತೀರಿ.

ಠಕ್.

ಸೆಲ್ ಅಲ್ಲ. ಹಾಗಾದರೆ ನೀರು.

ಈ ಡಬ್ಬಿಯೊಳಗೆ ನೀರೇ ಯಜಮಾನ. ಹರಿಯುವ ನೀರು ಒಂದು ರಬ್ಬರ್ ಪೊರೆಯನ್ನು ಒತ್ತುತ್ತದೆ, ಪೊರೆ ಒಂದು ಕಡ್ಡಿಯನ್ನು ತಳ್ಳುತ್ತದೆ, ಕಡ್ಡಿ ಒಂದು ಪುಟ್ಟ ಸ್ವಿಚ್ಚನ್ನು ಒತ್ತುತ್ತದೆ. ಆಮೇಲೆ ಕಿಡಿ, ಆಮೇಲೆ ಗ್ಯಾಸ್. ನೀರಿನ ಒತ್ತಡ ತುಸು ಸಡಿಲಿದರೂ ಪೊರೆ ಹಿಂದೆ ಸರಿದು ಎಲ್ಲವೂ ಬಂದ್. ನೀರಿಲ್ಲದೆ ತಾಮ್ರದ ಕೊಳವೆ ಕಾದು ಸೀಳಿಹೋಗದಿರಲಿ ಎಂದು ಮಾಡಿದ ಏರ್ಪಾಡು. ಅಂದರೆ ಈ ಯಂತ್ರ ಕೆಟ್ಟು ಆರುತ್ತಿಲ್ಲ, ಬೇಕೆಂದೇ ಆರಿಕೊಳ್ಳುತ್ತಿದೆ. ಈ ವ್ಯತ್ಯಾಸ ಇನ್ನು ಸ್ವಲ್ಪ ಹೊತ್ತಿಗೆ ನಿಮಗೆ ಬೇಕಾಗುತ್ತದೆ.

ಅಡುಗೆಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದಾರೆ. "ಆ ನಲ್ಲಿ ನಿಲ್ಲಿಸ್ರೇ!" ಎಂದು ಕೂಗಿ ಮಹಡಿ ಏಣಿ ಹತ್ತುತ್ತೀರಿ. ಕಬ್ಬಿಣದ ಮೆಟ್ಟಿಲು ಅಂಗಾಲನ್ನು ಕಚ್ಚುತ್ತದೆ. ಸಿಂಟೆಕ್ಸ್ ಮುಚ್ಚಳ ಎತ್ತಿದರೆ ನೀರು ಅರ್ಧಕ್ಕಿಂತ ಕೆಳಗಿದೆ. ಹತ್ತು ಮೀಟರ್ ಎತ್ತರದಿಂದ ಇಳಿದರೆ ನೀರಿಗೆ ಬರುವ ಒತ್ತಡ ಒಂದು ಬಾರ್. ನಿಮ್ಮದು ಒಂದಂತಸ್ತಿನ ಮನೆ, ಟ್ಯಾಂಕ್ ಕೂತಿರುವುದು ಮಹಡಿಯ ಮಟ್ಟಕ್ಕೇ, ಸ್ಟ್ಯಾಂಡಿಲ್ಲ. ಗೀಸರಿನ ಪಾಲಿಗೆ ಸಿಗುವುದು ಅದರ ಹತ್ತರಲ್ಲೊಂದು ಎರಡು ಪಾಲು ಅಷ್ಟೆ. ಮೋಟರ್ ಹಾಕಿ ಟ್ಯಾಂಕ್ ತುಂಬಿಸುತ್ತೀರಿ. ಕೆಳಗಿಳಿದು, ಗೀಸರಿಗೆ ನೀರು ಹೋಗುವ ಪೈಪನ್ನು ಸ್ಪ್ಯಾನರಿನಲ್ಲಿ ಬಿಚ್ಚುತ್ತೀರಿ. ತಣ್ಣೀರು ಮೊಣಕೈವರೆಗೆ ಹರಿದು ಬನಿಯನ್ ನೆನೆಯುತ್ತದೆ. ಪೈಪಿನ ಬಾಯಲ್ಲಿ ಕಿರುಬೆರಳ ತುದಿಯಷ್ಟಗಲದ ಒಂದು ಜಾಲರಿ. ಅದರ ಮೇಲೆ ಮರಳು, ತುಕ್ಕು, ಬಿಳಿ ಸುಣ್ಣದ ಹಳಕು, ಒಂದು ಕಪ್ಪೆಚಿಪ್ಪಿನ ಚೂರು.

ಸಿಕ್ಕಿತು!

ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಬಾಯಿಂದ ಊದಿ, ಮರಳಿ ಕೂರಿಸುತ್ತೀರಿ. ನಲ್ಲಿ. ಟಿಕ್ ಟಿಕ್, ಭಗ್. ಬೆಂಕಿ ನಿಲ್ಲುತ್ತದೆ. ಒಂದು ಬಕೆಟ್ ತುಂಬುತ್ತದೆ, ಹಬೆ ಏಳುತ್ತದೆ. ಇನ್ನೊಂದು ತುಂಬುತ್ತದೆ. ಬಾಗಿಲು ಹಾರುಹೊಡೆದಿದೆ, ಅವ್ವ ಹೊಸ್ತಿಲಲ್ಲಿ, ಅಜ್ಜಿ ಮಣೆಯ ಮೇಲೆ, ಎಲ್ಲರೂ ನಿಮ್ಮನ್ನು ಮೆಚ್ಚುಗೆಯಿಂದ ನೋಡುತ್ತಿದ್ದಾರೆ. ಬೆಂಕಿ ಆರುವ ಲಕ್ಷಣವೇ ಇಲ್ಲ. ನಿಮ್ಮ ಎದೆ ಒಂದಿಂಚು ಉಬ್ಬಿದರೆ ತಪ್ಪೇನಿಲ್ಲ.

"ಮೊದಲು ಕೂಸು ತರ್ರಿ," ಅನ್ನುತ್ತಾಳೆ ಅಜ್ಜಿ. ಸಂಪ್ರದಾಯ ಅದೇ. ಅಜ್ಜಿಯ ಚಾಚಿದ ಕಾಲ ಮೇಲೆ ಮೊದಲು ಕೂಸು, ಆಮೇಲೆ ತಾಯಿ.

ಯಾಕೋ ನಿಮಗೆ ಮನಸ್ಸಾಗುವುದಿಲ್ಲ. ಬೆಳಗಿನಿಂದ ಕಾಡಿದ ಯಂತ್ರ ಕೂಸಿನ ತಲೆ ಮೇಲೆ ನೀರಿರುವಾಗಲೇ ಕೈಕೊಟ್ಟರೆ? "ತಾಯಿದು ಮೊದಲಾಗಲಿ. ಬೆಂಕಿ ನಿಲ್ಲುತ್ತಾ ನೋಡಣ," ಅನ್ನುತ್ತೀರಿ. ಅಜ್ಜಿ ಮೂತಿ ತಿರುವುತ್ತಾಳೆ. ಆ ಒಂದು ಮಾತಿನ ತೂಕ ಎಷ್ಟೆಂದು ನಿಮಗೆ ಈಗ ಗೊತ್ತಿಲ್ಲ.

ಮಗಳು ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಸುತ್ತಿಕೊಂಡು, ಗೋಡೆ ಹಿಡಿದು ಬರುತ್ತಾಳೆ. ಅಜ್ಜಿ ಹಿಂದೆಯೇ ಹೋಗುತ್ತಾಳೆ. ಬಾಗಿಲು ಮುಚ್ಚುತ್ತದೆ. ಒಳಚಿಲಕ ಬೀಳುವ ಸದ್ದು ಕೇಳುತ್ತದೆ. ಟಿಕ್ ಟಿಕ್, ಭಗ್. ತಂಬಿಗೆ ಬಕೆಟ್ಟಿಗೆ ತಗುಲುವ ಸದ್ದು, ನೀರು ಬೆನ್ನಿಗೆ ಬಡಿಯುವ ಸದ್ದು, "ಅಯ್ಯೋ ಸುಡ್ತೈತೆ ಅಜ್ಜಿ," "ಸುಡ್ಲಿ ಸುಮ್ನಿರವ್ವ." ನೀವು ಹಿತ್ತಿಲ ಕಟ್ಟೆಯ ಮೇಲೆ ಕೂತು ಕಾಫಿ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿಯುತ್ತೀರಿ.

ಅರ್ಧ ಲೋಟ ಮುಗಿದಿರುತ್ತದೆ.

"ಬೆಂಕಿ ಹೋತು ನೋಡ್ರೀ!"

ಈ ಹೊತ್ತಿಗೆ ತಮ್ಮನ ಮಗ ಎದ್ದು ಬಂದಿದ್ದಾನೆ. ಐಟಿಐ ಹುಡುಗ, ಜೇಬಲ್ಲಿ ಸದಾ ಒಂದು ಟೆಸ್ಟರ್. ಅವನೇನು ದಡ್ಡನಲ್ಲ. ಈ ಗೀಸರು ಇಪ್ಪತ್ತು ನಿಮಿಷಕ್ಕೆ ತಾನಾಗೇ ಆರುವುದುಂಟು, ಅದು ಟೈಮರ್, ಆದರೆ ಇನ್ನೂ ಅಷ್ಟು ಹೊತ್ತಾಗಿಲ್ಲವಲ್ಲ ದೊಡ್ಡಪ್ಪ ಅನ್ನುತ್ತಾನೆ. ನೀರು ವಿಪರೀತ ಕಾದರೂ ಆರುತ್ತೆ, ಆದರೆ ಅಷ್ಟೇನೂ ಕಾದಿಲ್ಲ. ಉಳಿದಿರುವುದು ಒಂದೇ, ಬರ್ನರಿನ ಮುಂದೆ ನಿಂತಿರುವ ಸೆನ್ಸರ್ ಕಡ್ಡಿ. ಅದು ಜ್ವಾಲೆಯಲ್ಲಿ ಮುಳುಗಿರುವವರೆಗೆ ಬೆಂಕಿ ಇದೆ ಎಂದು ಹೇಳುತ್ತಿರುತ್ತದೆ. ಜ್ವಾಲೆ ತಪ್ಪಿದರೆ ಗ್ಯಾಸ್ ಬಂದ್ ಮಾಡಿಸುತ್ತದೆ.

"ಸೆನ್ಸರೇ ಹೋಗಿರಬೇಕು. ಬೋರ್ಡಿನತ್ರ ಅದರ ವೈರ್ ಸೇರಿಸಿಬಿಟ್ರೆ ಆತು. ಅದೇನೂ ಕೇಳಲ್ಲ, ಉರೀತಾನೇ ಇರುತ್ತೆ. ಐದು ನಿಮಿಷದ ಕೆಲಸ."

ಐದು ನಿಮಿಷ! ಒಳಗೆ ಒದ್ದೆ ಮೈಯಲ್ಲಿ ಮಗಳು ನಡುಗುತ್ತಿದ್ದಾಳೆ. ಬಾಣಂತಿಗೆ ಶೀತವಾದರೆ ಎಂಬ ಭಯ ತಲೆಮಾರುಗಳಿಂದ ಈ ಮನೆಯ ಗೋಡೆಗಳಲ್ಲಿದೆ. ಹುಡುಗನ ಕೈಯಲ್ಲಿ ಕಟಿಂಗ್ ಪ್ಲೈಯರ್ ಇದೆ. "ಹೂಂ" ಅಂದರೆ ಸಾಕು. ನಾಲಿಗೆಯ ತುದಿಗೆ ಬಂದ ಹೂಂ ಅನ್ನು ನೀವು ನುಂಗುತ್ತೀರಿ. ಬುದ್ಧಿವಂತಿಕೆಯಿಂದಲ್ಲ. ಬಾಗಿಲು ತೆರೆದಿದ್ದಾಗ ಬಕೆಟ್ ಮೇಲೆ ಬಕೆಟ್ ತುಂಬುವವರೆಗೂ ಇದೇ ಸೆನ್ಸರ್ ಸರಿ ಇತ್ತಲ್ಲ, ಈಗ ಯಾಕೆ ಹೋಯಿತು ಎಂಬುದು ಎಲ್ಲೋ ಕೊರೆಯುತ್ತಿದೆ, ಅದಕ್ಕೆ.

"ಬ್ಯಾಡ, ತಡಿ. ಹೊನ್ನಾಳಿ ಮೆಕ್ಯಾನಿಕ್‌ಗೆ ಫೋನ್ ಮಾಡು."

ಒಳಗೆ ಅಜ್ಜಿ ಕಾಯುವವಳಲ್ಲ. ನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಿದರೆ ಬೆಂಕಿ ಹತ್ತುತ್ತದೆ ಎಂದು ಕಲಿತುಬಿಟ್ಟಿದ್ದಾಳೆ. ಟಿಕ್ ಟಿಕ್, ಭಗ್. ಸ್ವಲ್ಪ ಹೊತ್ತಿಗೆ ಠಕ್. ಮತ್ತೆ ಟಿಕ್ ಟಿಕ್. ಹುಡುಗ ಫೋನಲ್ಲಿ ಮಾತಾಡುತ್ತಿದ್ದಾನೆ. ಪ್ರತಿ ಸಲ ಬೆಂಕಿ ಉರಿಯುವ ಹೊತ್ತು ಕಡಿಮೆಯಾಗುತ್ತಿದೆ. ಭಗ್ ಎನ್ನುವ ಸದ್ದೂ ಬದಲಾಗಿದೆ, ಮೆತ್ತಗೆ, ಸೋಮಾರಿಯಾಗಿ. ಬಾಗಿಲ ಕೆಳಗಿನ ಸಂದಿಯಿಂದ ಹಬೆ ನುಸುಳುತ್ತಿದೆ. ಮೂಗೆಳೆದು ನೋಡುತ್ತೀರಿ. ಸೀಗೆಕಾಯಿ, ಎಣ್ಣೆ, ಸಾಂಬ್ರಾಣಿ. ಗ್ಯಾಸಿನ ಆ ಕೊಳೆತ ವಾಸನೆ ಇಲ್ಲ. ಸದ್ಯ, ಅಂದುಕೊಳ್ಳುತ್ತೀರಿ.

ಆಗ ತಂಬಿಗೆ ಬಿದ್ದ ಸದ್ದು.

ಬಿದ್ದದ್ದನ್ನು ಯಾರೂ ಎತ್ತುವುದಿಲ್ಲ. ಟೈಲ್ಸಿನ ಮೇಲೆ ಉರುಳಿ, ಗೋಡೆಗೆ ತಾಗಿ, ನಿಲ್ಲುತ್ತದೆ. ನೀರು ಸುರಿಯುತ್ತಿದೆ. ಮಾತಿಲ್ಲ.

"ಏನಾತವ್ವ?"

"ಅಪ್ಪಾಜಿ..." ಮಗಳ ದನಿ. ಎಲ್ಲೋ ದೂರದ್ದು, ನಿದ್ದೆಗಣ್ಣಿನದು. "ತಲೆ ಸುತ್ತತೈತೆ."

"ಚಿಲಕ ತೆಗಿ!"

"ಕಾಲು... ಬರ್ತಿಲ್ಲ."

"ಅಜ್ಜೀ, ಚಿಲಕ ತೆಗೀರಿ! ಅಜ್ಜೀ!"

ಅಜ್ಜಿ ಉತ್ತರ ಕೊಡುವುದಿಲ್ಲ.

ಲೋಟ ಕೈಯಿಂದ ಯಾವಾಗ ಬಿತ್ತೋ ತಿಳಿಯದು. ಬಾಗಿಲಿಗೆ ಭುಜ ಕೊಡುತ್ತೀರಿ. ಅಲ್ಲಾಡುತ್ತದೆ, ತೆರೆಯುವುದಿಲ್ಲ. "ಸಿಲಿಂಡರ್ ಬಂದ್ ಮಾಡೋ!" ಹುಡುಗ ಹಿತ್ತಿಲಿಗೆ ಓಡುತ್ತಾನೆ. ಮತ್ತೆ ಭುಜ. ಮೂಳೆಗೆ ನೋವು ಹತ್ತುತ್ತದೆ. ಹಿಂದೆ ಸರಿದು ಚಿಲಕದ ಮಟ್ಟಕ್ಕೆ ಅಂಗಾಲಲ್ಲಿ ಒದೆಯುತ್ತೀರಿ. ಒಮ್ಮೆ. ಇನ್ನೊಮ್ಮೆ. ಸ್ಕ್ರೂ ಕಿತ್ತು ಚಿಲಕ ಹಾರುತ್ತದೆ. ಬಿಸಿ ಹಬೆ ಮುಖಕ್ಕೆ ಬಡಿಯುತ್ತದೆ. "ಹೋಗೇ, ಹೋಗು ಒಳಗೆ! ಉಸಿರು ಬಿಗಿಹಿಡಿ!" ಹೆಂಡತಿ ಕೌದಿ ಹಿಡಿದು ನುಗ್ಗುತ್ತಾಳೆ. ನೀವೂ. ಮಗಳು ಗೋಡೆಗೊರಗಿ ಕೂತಿದ್ದಾಳೆ, ಕಣ್ಣು ತೆರೆದಿದೆ, ನಿಮ್ಮನ್ನು ನೋಡುತ್ತಿಲ್ಲ. ಅಜ್ಜಿ ಮಣೆಯಿಂದ ಪಕ್ಕಕ್ಕೆ ವಾಲಿದ್ದಾಳೆ. ಕಿಂಡಿಯೊಳಗೆ ಆರುವ ಮುನ್ನಿನ ಬೆಂಕಿ ನಿಮ್ಮ ಕಣ್ಣಿಗೆ ಬೀಳುತ್ತದೆ. ನೀಲಿಯಲ್ಲ. ಹಳದಿ, ಉದ್ದುದ್ದ ನಾಲಗೆ, ಬರ್ನರನ್ನು ಬಿಟ್ಟು ಮೇಲಕ್ಕೆದ್ದು ತೇಲುತ್ತಿದೆ.

ಅಜ್ಜಿಯ ಕಂಕುಳಿಗೆ ಕೈ ಹಾಕಿ ಎಳೆಯುತ್ತೀರಿ. ಹಗುರ ಮುದುಕಿ, ಒದ್ದೆ ಸೀರೆ ಭಾರ. ಹೊಸ್ತಿಲು ದಾಟಿತು. ನಡುಮನೆ ದಾಟಿತು. ಹಿತ್ತಿಲು. ಮಂಜು. ಗಾಳಿ.

ಈಗ ಉಸಿರಾಡಿ.

ಕೌದಿಯೊಳಗೆ ಮಗಳು ಕೆಮ್ಮುತ್ತಾಳೆ. ಕಟ್ಟೆಯ ಮೇಲೆ ಮಲಗಿಸಿದ ಅಜ್ಜಿಯ ಎದೆ ಏರಿಳಿಯುತ್ತಿದೆ. ಚಳಿ ಗಾಳಿ ಬೀಸುತ್ತಿದೆ, ಬಾಣಂತಿ ಬಯಲಲ್ಲಿದ್ದಾಳೆ, ಅವ್ವ ಏನೂ ಅನ್ನುವುದಿಲ್ಲ. ತಾಸಿನ ಹಿಂದೆ ಇದೇ ಗಾಳಿಗೆ ಹೆದರಿ ಕಂಬಳಿ ಗಿಡಿದವಳು ಈಗ ಸೆರಗಲ್ಲಿ ಮೊಮ್ಮಗಳ ಮುಖಕ್ಕೆ ಗಾಳಿ ಹಾಕುತ್ತಿದ್ದಾಳೆ.

ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಹುಡುಗನಿಗೆ ನೆನಪಾಗುತ್ತದೆ. ಡ್ರಾಯರಿನಿಂದ ತಂದು ಮಗಳ ಬೆರಳಿಗೆ ಸಿಕ್ಕಿಸುತ್ತಾನೆ. ಕೆಂಪು ಅಂಕಿ ಮಿಣುಕುತ್ತದೆ: 98. ಅಜ್ಜಿಯದು: 97. ಮನೆಯಿಡೀ ಒಟ್ಟಿಗೆ ಉಸಿರು ಬಿಡುತ್ತದೆ.

"ಸರಿಯಾಗೈತಲ್ಲಪ್ಪ," ಅವ್ವ ಅನ್ನುತ್ತಾಳೆ. "ಬಿಸಿ ಜಾಸ್ತಿಯಾಗಿ ತಲೆ ತಿರುಗೈತೆ. ಆಸ್ಪತ್ರೆಗೆ ಯಾಕೆ? ಕೂಸು ಬಿಟ್ಟು ಹೋಗದು ಹೆಂಗೆ?"

ಇಲ್ಲಿ ನಿಮ್ಮ ತೋಳು ಹಿಡಿದು ನಿಲ್ಲಿಸಬೇಕು ಅನ್ನಿಸುತ್ತದೆ ನನಗೆ. ಆ 98 ಸುಳ್ಳು. ಗಾಳಿ ಸಾಲದೆ ಅರೆಬರೆ ಉರಿದ ಗ್ಯಾಸಿನಿಂದ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಸದು. ನೀವು ಮೂಗೆಳೆದು ಹುಡುಕಿದ ಆ ಕೊಳೆತ ವಾಸನೆ ಸೋರುವ ಗ್ಯಾಸಿನದ್ದು, ಪತ್ತೆಯಾಗಲಿ ಎಂದು ಬೇಕೆಂದೇ ಬೆರೆಸಿದ್ದು. ಉರಿದ ಮೇಲೆ ಅದು ಉಳಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ವಿಷವನ್ನು ಅಪ್ಪಿಕೊಳ್ಳುತ್ತದೆ. ಹಾಗೆ ಅಪ್ಪಿಕೊಂಡ ರಕ್ತವೂ ಕೆಂಪಗೇ ಇರುತ್ತದೆ. ಬೆರಳಿಗೆ ಸಿಕ್ಕಿಸುವ ಆ ಯಂತ್ರಕ್ಕೆ ಎರಡು ಕೆಂಪಿನ ವ್ಯತ್ಯಾಸ ತಿಳಿಯದು, ಎಲ್ಲವನ್ನೂ ಆಮ್ಲಜನಕವೆಂದೇ ಎಣಿಸಿಬಿಡುತ್ತದೆ.

ನಿಮಗೆ ಇದೊಂದೂ ಗೊತ್ತಿಲ್ಲ. 98ನ್ನು ನಂಬಿ ಕಾಫಿ ಮಾಡಿಸಲು ಹೊರಟಿದ್ದೀರಿ. ಅಷ್ಟರಲ್ಲಿ ಮಗಳು ಮಗ್ಗುಲಾಗಿ ವಾಂತಿ ಮಾಡುತ್ತಾಳೆ. ತಲೆಯೊಳಗೆ ಸುತ್ತಿಗೆ ಬಡಿಯುತ್ತಿದೆ ಅನ್ನುತ್ತಾಳೆ. ಅಂಕಿ ನೋಡುತ್ತೀರಿ, ಮಗಳ ಮುಖ ನೋಡುತ್ತೀರಿ. ಮುಖವನ್ನು ನಂಬುತ್ತೀರಿ.

108.

ಹೊನ್ನಾಳಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳುವ ಪ್ರಶ್ನೆ, "ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆಯಾ?" ಎರಡನೆಯದು, "ಕಿಟಕಿ?" ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಹೋದವರು ಹೊರಗೆ ಬರದಿದ್ದಾಗ ಒಡೆದು ನೋಡಿದರೆ ಬಿದ್ದಿರುವುದು ನಮ್ಮ ದೇಶದಲ್ಲಿ ಎಷ್ಟು ಸಾಮಾನ್ಯವೆಂದರೆ, ವೈದ್ಯರು ಅದಕ್ಕೆ ಗ್ಯಾಸ್ ಗೀಸರ್ ಸಿಂಡ್ರೋಮ್ ಎಂದೇ ಹೆಸರಿಟ್ಟಿದ್ದಾರೆ. ಮೊದಲು ಸೋಲುವುದು ಕಾಲು, ಆಮೇಲೆ ಬುದ್ಧಿ. ಚಿಲಕ ಕಣ್ಣೆದುರಿಗಿದ್ದರೂ ಕೈ ಅಲ್ಲಿಗೆ ಹೋಗದು. ಇಬ್ಬರ ಮೂಗಿಗೂ ಆಮ್ಲಜನಕದ ಮಾಸ್ಕ್ ಏರುತ್ತದೆ. ಬರೀ ಗಾಳಿಯಲ್ಲಿ ಕೂತರೆ ರಕ್ತದ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಮಾಸ್ಕಿನಲ್ಲಿ ಒಂದೂವರೆ ಗಂಟೆಯೊಳಗೇ ಇಳಿಯುತ್ತದೆ. ನೀವು ಮಾಸ್ಕಿನ ಪ್ಲಾಸ್ಟಿಕ್ ಮೇಲೆ ಉಸಿರಿನ ಮಂಜು ಮೂಡಿ ಮಾಯುವುದನ್ನು ನೋಡುತ್ತಾ ಸ್ಟೂಲಿನ ಮೇಲೆ ಕೂರುತ್ತೀರಿ. ಭುಜ ಈಗ ನೋಯತೊಡಗುತ್ತದೆ.

"ಮನೇಲಿ ಕೂಸಿನ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟೀರಾ?" ಡಾಕ್ಟರ್ ಹೊರಗೆ ಹೋಗುತ್ತಾ ಕೇಳುತ್ತಾರೆ. "ಅದೂ ಇದೇ ಗಾಳಿ ಬಿಡೋದು."

ಮೊಬೈಲ್ ತೆಗೆಯುವ ನಿಮ್ಮ ಕೈ ನಡುಗುತ್ತದೆ. "ಕೋಣೆ ಕಿಟಕಿ ತೆಗಿ. ಕೆಂಡ ಹೊರಗಿಡು. ಈಗ್ಲೇ."

ಮಧ್ಯಾಹ್ನ ಮೆಕ್ಯಾನಿಕ್ ಬರುತ್ತಾನೆ. ಹೊನ್ನಾಳಿಯವನು, ಸುತ್ತಲ ತಾಲ್ಲೂಕುಗಳಿಗೆಲ್ಲ ಬೈಕಿನಲ್ಲೇ ಓಡಾಡುವವನು. ಡಬ್ಬಿ ಬಿಚ್ಚುತ್ತಾನೆ ಎಂದು ನೀವು ಕಾಯುತ್ತೀರಿ. ಅವನು ಬಚ್ಚಲಿಗೆ ಹೋದವನೇ ಕತ್ತೆತ್ತಿ ನೋಡಿ, ಕೈಚಾಚಿ, ಗಾಳಿಕಿಂಡಿಯ ಕಂಬಳಿ ಎಳೆದು ನೆಲಕ್ಕೆ ಹಾಕುತ್ತಾನೆ. ಆಮೇಲೆ ಟೇಪು ಹಿಡಿದು ಅಳೆಯುತ್ತಾನೆ. ಐದಡಿ, ಆರಡಿ, ಎತ್ತರ ಎಂಟಡಿ.

"ಇನ್ನೂರ ನಲವತ್ತು ಘನ ಅಡಿ ಸಾರ್. ಲೀಟರ್ ಲೆಕ್ಕದಾಗೆ ಆರು ಸಾವಿರದ ಎಂಟುನೂರು. ಒಂದು ಕೆಜಿ ಗ್ಯಾಸ್ ಸರಿಯಾಗಿ ಉರಿಯಾಕೆ ಸುಮಾರು ಹನ್ನೆರಡು ಸಾವಿರ ಲೀಟರ್ ಗಾಳಿ ಬೇಕು. ಫುಲ್ ಇಟ್ರೆ ಈ ಗೀಸರ್ ಗಂಟೆಗೆ ಹೆಚ್ಚುಕಮ್ಮಿ ಒಂದು ಕೆಜಿ ತಿಂತೈತೆ."

ನೀವು ಮನಸ್ಸಿನಲ್ಲೇ ಭಾಗಿಸುತ್ತೀರಿ. ಮೂವತ್ತೈದು ನಿಮಿಷಕ್ಕೆ ಬಚ್ಚಲ ಗಾಳಿಯೆಲ್ಲ ಖಾಲಿ. ಆದರೆ ಅಷ್ಟು ಹೊತ್ತು ಬೇಕಿಲ್ಲ. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು. ಅದು 18ರ ಆಸುಪಾಸಿಗೆ ಇಳಿದರೇ ಜ್ವಾಲೆ ಬರ್ನರಿನ ಮೇಲೆ ನಿಲ್ಲಲಾರದೆ ಮೇಲಕ್ಕೇಳುತ್ತದೆ, ಸೆನ್ಸರ್ ಕಡ್ಡಿಗೆ ತಾಗುವುದು ತಪ್ಪುತ್ತದೆ, ಗ್ಯಾಸ್ ಬಂದ್ ಆಗುತ್ತದೆ. ಅಷ್ಟಕ್ಕೆ ಐದು ನಿಮಿಷ ಸಾಕು. ಬಾಗಿಲ ಸಂದಿಯಿಂದ ನುಸುಳುವ ಗಾಳಿಯಿಂದಾಗಿ ಇನ್ನೊಂದೆರಡು ನಿಮಿಷ ಜಾಸ್ತಿ. ಅರ್ಧ ಲೋಟ ಕಾಫಿಯ ಹೊತ್ತು.

ಅಂದರೆ ಬೆಳಗ್ಗೆ ಎರಡು ಕಾಯಿಲೆ ಇದ್ದವು. ಜಾಲರಿಯದನ್ನು ನೀವು ಸರಿಮಾಡಿದಿರಿ. ಅದು ಸರಿಯಾಗಿ ಬೆಂಕಿ ನಿಂತಿದ್ದರಿಂದಲೇ ಇನ್ನೊಂದು ತಲೆಯೆತ್ತಿತು. ಆರಿದಾಗಲೆಲ್ಲ ಅಜ್ಜಿ ನಲ್ಲಿ ತಿರುಗಿಸಿ ಹೊತ್ತಿಸಿದಳು, ಕೆಟ್ಟ ಗಾಳಿಯಲ್ಲಿ ಕೆಟ್ಟದಾಗಿ ಉರಿದು ವಿಷ ಕೂಡುತ್ತಾ ಹೋಯಿತು.

"ಇವನು ಸೆನ್ಸರ್ ವೈರ್ ಸೇರಿಸ್ತೀನಿ ಅಂದಿದ್ದ," ಎಂದು ನೀವು ಹುಡುಗನ ಕಡೆ ನೋಡುತ್ತೀರಿ. ಹುಡುಗ ನೆಲ ನೋಡುತ್ತಾನೆ.

ಮೆಕ್ಯಾನಿಕ್ ನಗುವುದಿಲ್ಲ. "ಸೇರಿಸಿದ್ರೆ ಆರ್ತಿರಲಿಲ್ಲ ಸಾರ್. ನಿಮಗೆ ಗೊತ್ತೂ ಆಗ್ತಿರಲಿಲ್ಲ."

ಅವನು ಕೆಲಸ ಮಾಡುತ್ತಲೇ ಮಾತಾಡುತ್ತಾನೆ. ಜಗಳೂರಿನ ಕಡೆ ಆಳದ ಬೋರಿನ ಗಡಸು ನೀರು, ತಾಮ್ರದ ಕೊಳವೆಯೊಳಗೆ ಸುಣ್ಣ ಕಟ್ಟಿ ನೀರಿನ ದಾರಿಯೇ ಇಕ್ಕಟ್ಟಾಗಿರುತ್ತದಂತೆ. ಅಲ್ಲಿ ಗೀಸರ್ ಆರುತ್ತದೆ ಎಂದರೆ ಮೊದಲು ಆಸಿಡ್ಡಿನಲ್ಲಿ ಕೊಳವೆ ತೊಳೆಯುವುದೇ ಕೆಲಸ. ಚನ್ನಗಿರಿ ಕಡೆ ಅಡಿಕೆ ಬೇಯಿಸುವ ಮನೆಗಳಲ್ಲಿ ಸೌದೆಗೂ ಸಿಪ್ಪೆಗೂ ಬರವಿಲ್ಲ, ಬಚ್ಚಲ ಒಲೆ ಇನ್ನೂ ಉಳಿದಿದೆ. ಆ ಬಚ್ಚಲುಗಳನ್ನು ನೀವೂ ಬಲ್ಲಿರಿ: ಕರಿ ಹಿಡಿದ ಗೋಡೆ, ಹಂಚಿನ ಸಂದಿನಿಂದ ಇಳಿಯುವ ಬೆಳಕಿನ ಕೋಲು. ಅಲ್ಲಿ ಯಾರೂ ಗಾಳಿಕಿಂಡಿ ಮುಚ್ಚುವುದಿಲ್ಲ, ಮುಚ್ಚಿದರೆ ಹೊಗೆಗೆ ಒಳಗೆ ನಿಲ್ಲಲಾಗದು. ಕಣ್ಣು ಉರಿಯುತ್ತಿತ್ತು, ಅದಕ್ಕೇ ಹಿರಿಯರು ಗೋಡೆಯಲ್ಲಿ ತೂತು ಬಿಟ್ಟರು. ಈ ನೀಲಿ ಬೆಂಕಿ ಕಣ್ಣು ಉರಿಸುವುದಿಲ್ಲವಾದ್ದರಿಂದ ನಾವು ತೂತು ಮುಚ್ಚಿದೆವು. ಹೊಗೆ ಹೇಳುತ್ತಿದ್ದ ಮಾತನ್ನು ಹೇಳಲು ಈ ಡಬ್ಬಿಗೆ ಇದ್ದದ್ದು ಒಂದೇ ದಾರಿ, ಆರುವುದು. ಗೀಸರಿನ ಜೊತೆ ಬರುವ ಪುಸ್ತಕದಲ್ಲಿ ಗಾಳಿಯಾಡುವ ಜಾಗದಲ್ಲಿ ಹಾಕಿಸಿ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಆ ಸಾಲನ್ನು ಡಬ್ಬಿಯ ಮುಖದ ಮೇಲೇ ದಪ್ಪ ಕನ್ನಡದಲ್ಲಿ ಬರೆಯಬೇಕಿತ್ತು. ಕಂಪನಿಯ ಹೆಸರು ಅಷ್ಟು ದೊಡ್ಡದಾಗಿ ಇರುವಾಗ ಇದಕ್ಕೂ ಜಾಗ ಸಿಗುತ್ತಿತ್ತು.

ಸಂಜೆಯೊಳಗೆ ಗೋಡೆಗೆ ತೂತು ಕೊರೆದು, ಗೀಸರನ್ನು ಹಿತ್ತಿಲ ಕಡೆಯ ಹೊರಗೋಡೆಗೆ ಸಾಗಿಸಲಾಗುತ್ತದೆ. ಮಳೆ ಬೀಳದಂತೆ ಮೇಲೊಂದು ತಗಡು. ಬಿಸಿನೀರಿನ ಪೈಪು ಮಾತ್ರ ಒಳಗೆ ಬರುತ್ತದೆ. ಖರ್ಚು ಒಂದು ಗ್ಯಾಸ್ ಸಿಲಿಂಡರಿನದ್ದಕ್ಕಿಂತ ತುಸು ಹೆಚ್ಚು. ಅಟ್ಟದಿಂದ ಹಂಡೆ ಇಳಿಸೋಣವೇ ಎಂದು ಅವ್ವ ಕೇಳಿದಳು. ಮೆಕ್ಯಾನಿಕ್ ಬೇಡ ಅಂದ, ಈ ಬಚ್ಚಲಲ್ಲಿ ಹೊಗೆಗೂಡಿಲ್ಲವಲ್ಲ.

ನಿಮ್ಮ ಮನೆಯ ಗ್ಯಾಸ್ ಗೀಸರ್ ಬಚ್ಚಲೊಳಗಿದ್ದರೆ ಈ ವಾರವೇ ಹೊರಗೆ ಹಾಕಿಸಿ. ಅಲ್ಲಿಯವರೆಗೆ ಬಾಗಿಲು ತೆರೆದಿಟ್ಟು ಬಕೆಟ್ಟುಗಳಿಗೆ ನೀರು ತುಂಬಿಸಿಕೊಳ್ಳಿ, ಗೀಸರ್ ನಿಲ್ಲಿಸಿ, ಆಮೇಲೆ ಸ್ನಾನಕ್ಕೆ ಹೋಗಿ. ಅದು ಪದೇ ಪದೇ ಆರುತ್ತಿದ್ದರೆ ಮತ್ತೆ ಹೊತ್ತಿಸುವ ಮೊದಲು ಗಾಳಿಕಿಂಡಿ ನೋಡಿ. ಎಲ್ಲ ಗೀಸರುಗಳಲ್ಲೂ ಹೀಗೆ ಆರಿಸುವ ಸೆನ್ಸರ್ ಇರುವುದಿಲ್ಲ, ಇದ್ದರೂ ವಿಷ ಹುಟ್ಟುವ ಮೊದಲೇ ಆರಿಸುತ್ತದೆಂಬ ಖಾತ್ರಿಯಿಲ್ಲ. ಯಾರಾದರೂ ಒಳಗೆ ಕುಸಿದರೆ ಮೊದಲು ಬಯಲಿಗೆ ಎಳೆಯಿರಿ, ಬೆರಳ ಯಂತ್ರದ ಅಂಕಿ ನೋಡುತ್ತಾ ಕೂರದೆ 108ಕ್ಕೆ ಕರೆ ಮಾಡಿ. ಗ್ಯಾಸ್ ಸೋರುವ ವಾಸನೆ ಬಂದರೆ ಕರೆ ಮಾಡಬೇಕಾದ ಸಂಖ್ಯೆ 1906, ದಿನದ ಯಾವ ಹೊತ್ತಿನಲ್ಲಾದರೂ.